ಅವನಿಗೆ ಚಿಕಿತ್ಸೆ, ಅವಳಿಗೆ ಸೂರು

2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಹೆಂಗಸರು ಹೆದ್ದಾರಿ ಹಿಡಿದು ಶಿರಾ, ತುಮಕೂರು ದಾಟಿ, ಗಾಂಧೀಜಿ ಹುತಾತ್ಮರಾದ ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು. ಅದು ಮದ್ಯ ನಿಷೇಧ ಆಂದೋಲನದ ಪಾದಯಾತ್ರೆ. ಅದರ ಬೇರು ಇದ್ದದ್ದು ರಾಯಚೂರು ಸೀಮೆಯ ಕೂಲಿಕಾರ ಹೆಂಗಸರ ನಡುವೆ. ದಾರಿಯಲ್ಲಿ ವಾಹನ ಬಡಿದು ಜೊತೆಗಾತಿಯೊಬ್ಬರು ತೀರಿಕೊಂಡರು. ಉಳಿದವರು ಹಿಂದಿರುಗಲಿಲ್ಲ. ಹಳ್ಳಿಗಳಲ್ಲಿ ಹೆಂಡದ ಮಾರಾಟ ನಿಲ್ಲಿಸಿ ಎಂದು ಅವರು ಸರ್ಕಾರವನ್ನು ಕೇಳಿದರು. ಸರ್ಕಾರ ಕೊಟ್ಟ ಉತ್ತರ ಬಜೆಟ್ ಪುಸ್ತಕದಲ್ಲಿದೆ: 2025–26ನೇ ಸಾಲಿಗೆ ರಾಜ್ಯವು ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ.

ಸರ್ಕಾರವನ್ನು ಕೇಳುವ ಪ್ರಶ್ನೆಗೆ ಪಾದಯಾತ್ರೆ ಉಂಟು, ಘೋಷಣೆ ಉಂಟು. ಕುಡಿತ ಹೊಕ್ಕ ಮನೆಗಳ ಒಳಗೆ ಇನ್ನೊಂದು ಪ್ರಶ್ನೆಯಿದೆ. ಅದನ್ನು ಹೆಣ್ಣು ಒಬ್ಬಳೇ ಕೂತು ಕೇಳಿಕೊಳ್ಳಬೇಕು: ಇವನ ಜೊತೆ ಬಾಳಬೇಕೋ, ಬಿಟ್ಟು ಹೋಗಬೇಕೋ? ತುಮಕೂರಿನ ಬಡಾವಣೆಯ ಬಾಡಿಗೆ ಮನೆಯಲ್ಲಿ, ಗುಬ್ಬಿಯ ತೆಂಗಿನ ತೋಟದ ಮನೆಯಲ್ಲಿ, ಕುಣಿಗಲ್‌ನಿಂದ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವವನ ಮನೆಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. "ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ, ಸರಿಹೋಗ್ತಾನೆ."

ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. ಅವನು ಚಟದಿಂದ ಹೊರಬರುತ್ತಾನೋ ಇಲ್ಲವೋ ಎಂಬುದು ಒಂದು. ಅವಳೂ ಮಕ್ಕಳೂ ಎಲ್ಲಿ, ಯಾವ ಸ್ಥಿತಿಯಲ್ಲಿ ಬದುಕಬೇಕು ಎಂಬುದು ಇನ್ನೊಂದು. ಮೊದಲನೆಯದು ಇತ್ಯರ್ಥವಾಗುವ ತನಕ ಎರಡನೆಯದನ್ನು ತಡೆಹಿಡಿಯುವುದು ನಮ್ಮ ರೂಢಿ. ಆ ರೂಢಿ ಹೆಂಗಸರಿಗೆ ಅನ್ಯಾಯ ಮಾಡುತ್ತದೆ. ಚಟಕ್ಕೆ ಬಿದ್ದವನಿಗೂ ಅದರಿಂದ ಲಾಭವಿಲ್ಲ.

ಮಾದಕ ವ್ಯಸನ ಎಂದಾಕ್ಷಣ ಬೆಂಗಳೂರಿನ ಪಾರ್ಟಿಗಳು, ಪೊಲೀಸರು ಹಿಡಿದ ಗಾಂಜಾ ಮೂಟೆಗಳು ಕಣ್ಣಮುಂದೆ ಬರುತ್ತವೆ. ಆದರೆ ಸಂಸಾರ ಮುರಿಯುವ ಮಾದಕ ವಸ್ತುಗಳಲ್ಲಿ ಮೊದಲನೆಯದು ಲೈಸೆನ್ಸ್ ಪಡೆದ ಅಂಗಡಿಯಲ್ಲೇ ಸಿಗುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತ ಬಿಡಲು ನೆರವು ಬೇಕಾಗಿದೆ. ಅಫೀಮು ವರ್ಗದ ವಸ್ತುಗಳ ವಿಷಯದಲ್ಲಿ ಹಾಗೆ ನೆರವು ಬೇಕಾದವರು 77 ಲಕ್ಷ. ಗಾಂಜಾ, ನೋವಿನ ಮಾತ್ರೆಗಳ ನಶೆ ಈಗ ಸಣ್ಣ ಊರುಗಳಿಗೂ ಬಂದಿದೆ, ಹುಡುಗರಲ್ಲಿ ಅದು ಹೆಚ್ಚುತ್ತಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, 'ನೈಂಟಿ' ಮತ್ತು 'ಕ್ವಾರ್ಟರ್' ಆಗಿ ಮುಂದುವರಿಯಿತು.

ಗಂಡನದು ಗಾಂಜಾ ಅಥವಾ ಮಾತ್ರೆಯ ಚಟವಾದರೆ ಹೆಂಡತಿಗೆ ಇನ್ನೊಂದು ಭಯ ಸೇರಿಕೊಳ್ಳುತ್ತದೆ. ಆಸ್ಪತ್ರೆಗೆ ಹೋದರೂ ಠಾಣೆಗೆ ಹೋದರೂ ಅವನು ಜೈಲು ಸೇರಿಬಿಟ್ಟರೆ? ಮಾದಕ ವಸ್ತು ನಿಯಂತ್ರಣಕ್ಕೆಂದು 1985ರಲ್ಲಿ ಬಂದ ಕಾಯ್ದೆಯಲ್ಲಿ ಸೇವನೆಯೂ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮು, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯ ಮತ್ತು ಅಲ್ಪ ಪ್ರಮಾಣದ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ಒಂದು ಸಂಗತಿ ತಿಳಿಯದೆ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರುವ ಮನೆಗಳಿವೆ.

ಈಗ "ಸರಿಹೋಗ್ತಾನೆ" ಎಂಬ ಮಾತಿಗೆ ಬರೋಣ. ಇದು ಶುರುವಾಗುವುದು ಮದುವೆಗೆ ಮುಂಚೆಯೇ. ಕುಡಿಯುವ ಮಗನಿಗೆ "ಒಂದು ಮದುವೆ ಮಾಡಿದರೆ ಜವಾಬ್ದಾರಿ ಬರುತ್ತೆ" ಎಂದು ಹೆಣ್ಣು ನೋಡುತ್ತಾರೆ. ಮದುವೆಯಾದ ಮೇಲೆ "ಒಂದು ಮಗು ಆದರೆ" ಎನ್ನುತ್ತಾರೆ. ಮಗುವೂ ಆದ ಮೇಲೆ "ಆ ಮಗುವಿನ ಮುಖ ನೋಡಿಯಾದರೂ" ಎಂಬ ಮಾತು ಬರುತ್ತದೆ. ಆಗ ಅದನ್ನು ಹೇಳುವುದು ಅವನಿಗಲ್ಲ, ಅವಳಿಗೆ. ಕ್ಷಯ ಬಂದವನಿಗೆ ಆರು ತಿಂಗಳು ಔಷಧ ನುಂಗಿಸುತ್ತೇವೆ, ಹೆಂಡತಿಯ ತಾಳ್ಮೆಯನ್ನೇ ಔಷಧ ಎಂದು ಯಾರೂ ಬರೆದುಕೊಡುವುದಿಲ್ಲ. ಚಟದ ವಿಷಯದಲ್ಲಿ ಮಾತ್ರ ಒಂದು ಹೆಣ್ಣನ್ನೂ ಅವಳ ಹೊಟ್ಟೆಯ ಮಗುವನ್ನೂ ಮದ್ದಿನ ಹಾಗೆ ಬಳಸುತ್ತೇವೆ. ಮದ್ದು ನಾಟದಿದ್ದರೆ ದೂರು ಬರುವುದೂ ಅವಳ ಮೇಲೆಯೇ: "ನೀನು ನೆಟ್ಟಗೆ ನೋಡಿಕೊಂಡಿದ್ದರೆ ಅವನು ಯಾಕೆ ಕುಡೀತಿದ್ದ?"

ಎರಡನೆಯ ಉಪಾಯ ಆಣೆ. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ, ಗುಬ್ಬಿಯ ಚನ್ನಬಸವೇಶ್ವರ, ದೂರದ ಧರ್ಮಸ್ಥಳದ ಮಂಜುನಾಥ: ದೇವರ ಮುಂದೆ ನಿಲ್ಲಿಸಿ, ಕರ್ಪೂರ ಹಚ್ಚಿಸಿ, "ಇನ್ನು ಮುಟ್ಟಲ್ಲ" ಎಂದು ಹೇಳಿಸುತ್ತಾರೆ. ಆ ಗಳಿಗೆಯಲ್ಲಿ ಅವನು ನಿಜವಾಗಿಯೇ ಹಾಗೆ ಅಂದುಕೊಂಡಿರುತ್ತಾನೆ, ಅದನ್ನು ಅನುಮಾನಿಸಬೇಕಾಗಿಲ್ಲ. ಕೆಲವರಿಗೆ ಆ ಭಯಭಕ್ತಿ ಆಸರೆಯೂ ಆಗುತ್ತದೆ. ಆದರೆ ವರ್ಷಗಳ ಕಾಲ ಕುಡಿದ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅಂಥವನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲು ಕೈ ನಡುಗುತ್ತದೆ, ಬೆವರು ಬಿಚ್ಚುತ್ತದೆ, ನಿದ್ದೆ ಹತ್ತುವುದಿಲ್ಲ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಿಕೊಂಡು ದಿಕ್ಕು ತಪ್ಪಬಹುದು, ಜೀವಕ್ಕೇ ಕುತ್ತಾಗಬಹುದು. ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವ ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಆಮೇಲೆ ಅವನು ಒಂದು ಗುಟುಕು ಕುಡಿದು ನಡುಕ ನಿಲ್ಲಿಸಿಕೊಂಡರೆ, ದೇವರ ಮುಂದೆ ಕೊಟ್ಟ ಮಾತಿಗೂ ತಪ್ಪಿದ ಅಂತ ಎಲ್ಲರೂ ಕೈಚೆಲ್ಲುತ್ತಾರೆ.

ಮೂರನೆಯದು ಇನ್ನೂ ಅಪಾಯದ್ದು. "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತನ್ನು ಓದದ ಕನ್ನಡಿಗರಿಲ್ಲ. ಹೆಂಡತಿ ಪುಡಿ ತರಿಸಿಕೊಳ್ಳುತ್ತಾಳೆ, ಇಲ್ಲವೇ ಪರಿಚಯದ ಔಷಧ ಅಂಗಡಿಯಿಂದ ಮಾತ್ರೆ ತಂದು ಅರೆದು ಸಾರಿಗೆ ಬೆರೆಸುತ್ತಾಳೆ. ಆ ಮಾತ್ರೆ ಡೈಸಲ್ಫಿರಾಮ್ ಆಗಿದ್ದರೆ ಅದರ ಕೆಲಸವೇ ಬೇರೆ. ಅದು ಒಳಗಿರುವಾಗ ಮದ್ಯ ಬಿದ್ದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯುತ್ತದೆ. ಸಾವೂ ಆಗಬಹುದು. ಕುಡಿದರೆ ಏನಾಗುತ್ತದೆ ಎಂದು ರೋಗಿಗೆ ಗೊತ್ತಿದ್ದು, ಅವನು ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಂಡರಷ್ಟೇ ಅದು ಔಷಧ. ಸಾರಿನಲ್ಲಿ ಬೆರೆತದ್ದು ವಿಷ. ಆ ಹೆಂಗಸು ಕೆಟ್ಟವಳಲ್ಲ. ಅವಳ ಎದುರು ಬೇರೆ ಬಾಗಿಲು ತೆರೆದೇ ಇಲ್ಲದ್ದರಿಂದ ಅವಳು ಅಲ್ಲಿಗೆ ಬಂದು ನಿಂತಿದ್ದಾಳೆ.

ಬಾಗಿಲುಗಳು ಇವೆ, ದೂರವೂ ಅಲ್ಲ. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವನ್ನು ರಾಜ್ಯ ಮಾಡಿಕೊಂಡಿದೆ. ಎಪ್ಪತ್ತು ಕಿಲೋಮೀಟರಿನಾಚೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಊರೂರಿನಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಕುಡಿತ ಬಿಟ್ಟವರನ್ನು 'ನವಜೀವನ ಸಮಿತಿ'ಯಲ್ಲಿ ಕೂಡಿಸಿ ಆಮೇಲೂ ಕೈಬಿಡದೆ ನೋಡುತ್ತಾರೆ. ಶಿಬಿರಕ್ಕಿಂತ ಈ ಆಮೇಲಿನ ಭಾಗವೇ ದೊಡ್ಡದು. ವ್ಯಸನದಲ್ಲಿ ಮತ್ತೆ ಜಾರುವುದು ಮಾಮೂಲು. ಮೆಕ್‌ಲೆಲನ್ ಮತ್ತು ಸಂಗಡಿಗರು 2000ದಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನದ ಲೆಕ್ಕದಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಒಂದು ವರ್ಷದೊಳಗೆ ಜಾರುತ್ತಾರೆ. ಬಿಪಿ, ಅಸ್ತಮಾ ರೋಗಿಗಳು ಔಷಧ ಬಿಟ್ಟು ಮತ್ತೆ ಕೆಡುವುದಕ್ಕಿಂತ ಇದೇನೂ ಹೆಚ್ಚಲ್ಲ ಎಂದು ತೋರಿಸಲೆಂದೇ ಅವರು ಅದನ್ನು ಬರೆದದ್ದು.

ಈ ಅಂಕಿ ಎರಡೂ ಕಡೆಗೆ ಕೊಯ್ಯುತ್ತದೆ. ಒಮ್ಮೆ ಜಾರಿದನೆಂದು ಅವನನ್ನು ಕೈಬಿಡುವುದು ತಪ್ಪು ಎಂದು ಇದು ಹೇಳುತ್ತದೆ. ಚೇತರಿಕೆಗೆ ವರ್ಷಗಳು ಹಿಡಿಯುತ್ತವೆ, ನಡುವೆ ಹಲವು ಸಲ ಬೀಳುವುದುಂಟು ಎಂದೂ ಹೇಳುತ್ತದೆ. ಅಷ್ಟೂ ವರ್ಷ ಅವಳು ಅದೇ ಚಾವಣಿಯ ಕೆಳಗೆ ಪೆಟ್ಟು ತಿನ್ನುತ್ತಲೋ, ಸಾಲ ತೀರಿಸುತ್ತಲೋ, ಬಾಗಿಲ ಸದ್ದಿಗೆ ಬೆಚ್ಚಿಬೀಳುತ್ತಲೋ ಕಾಯಬೇಕೇ? ಅವನದು ಕಾಯಿಲೆ ಎಂಬ ಮಾತು ಅವನ ಮೇಲೆ ಕರುಣೆ ಇಡಲು ಕಾರಣ. ಅವಳು ಅಲ್ಲೇ ಇರಬೇಕೆನ್ನಲು ಅದು ಕಾರಣವಾಗುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ವಾದ ಗಟ್ಟಿಯಾದದ್ದೇ. ಹೆಂಡತಿಯೂ ಬಿಟ್ಟರೆ ಅವನಿಗೆ ಯಾರಿದ್ದಾರೆ? ಮನೆಯವರ ಆಸರೆ ಇದ್ದವರು ಚೇತರಿಸಿಕೊಳ್ಳುವುದು ಹೆಚ್ಚು ಎಂಬುದು ನಿಜ. ಚೆನ್ನೈನ ಶಾಂತಿ ರಂಗನಾಥನ್ ಅವರ ಕಥೆ ಇಲ್ಲಿ ನೆನೆಯಬೇಕಾದದ್ದು. ಟಿ.ಟಿ. ಕೃಷ್ಣಮಾಚಾರಿಯವರ ಮನೆತನಕ್ಕೆ ಸೇರಿದ ಅವರ ಪತಿ ಕುಡಿತದಿಂದ 1979ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಹಣಕ್ಕೆ ಕೊರತೆಯಿಲ್ಲದ ಮನೆ ಅದು. ಕೊರತೆಯಿದ್ದದ್ದು ಚಿಕಿತ್ಸಾ ಕೇಂದ್ರಕ್ಕೆ. ಮರುವರ್ಷವೇ ಅವರು ಪತಿಯ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿ ವ್ಯಸನ ಚಿಕಿತ್ಸೆಯ ಕೆಲಸಕ್ಕಿಳಿದರು. 1992ರಲ್ಲಿ ಪದ್ಮಶ್ರೀ ಬಂತು. ಅವರು ಕಟ್ಟಿದ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಮನೆಯವರಿಗೂ ಪ್ರತ್ಯೇಕ ಚಿಕಿತ್ಸಾಕ್ರಮವಿದೆ. ಅಂದರೆ ಅವರು ಕಂಡುಕೊಂಡದ್ದು, ಹೆಂಡತಿಯ ಪ್ರೀತಿಯೊಂದರಿಂದಲೇ ಚಟ ಬಿಡುವುದಿಲ್ಲ, ಅವಳಿಗೂ ನೆರವು ಬೇಕು ಎಂಬುದನ್ನು.

ಮನೆಯವರ ಆಸರೆ ಎಂದರೆ ಏನು ಎಂಬುದನ್ನು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಾಬರ್ಟ್ ಮೇಯರ್ಸ್, ವಿಲಿಯಂ ಮಿಲ್ಲರ್ ಮತ್ತಿತರರು ಅಳೆದು ನೋಡಿದ್ದಾರೆ. ಚಿಕಿತ್ಸೆಗೆ ಒಪ್ಪದ ಕುಡುಕರ 130 ಮಂದಿ ಹತ್ತಿರದವರನ್ನು ಮೂರು ಗುಂಪು ಮಾಡಿ, ಬೇರೆ ಬೇರೆ ಬಗೆಯಲ್ಲಿ ತರಬೇತು ಮಾಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮನೆಯವರಿಗೆ ನಡೆನುಡಿಯನ್ನೇ ಬದಲಿಸಿಕೊಳ್ಳಲು ಕಲಿಸಿದ ಗುಂಪಿನಲ್ಲಿ ನೂರಕ್ಕೆ 64 ವ್ಯಸನಿಗಳು ಚಿಕಿತ್ಸೆಗೆ ಬಂದರು. ಎಲ್ಲರೂ ಕೂಡಿ ಅವನನ್ನು ಎದುರು ಕೂರಿಸಿಕೊಂಡು ಒತ್ತಾಯಿಸುವ ವಿಧಾನದಲ್ಲಿ 30, ಮನೆಯವರು ತಮ್ಮ ನೆಮ್ಮದಿಯನ್ನಷ್ಟೇ ನೋಡಿಕೊಳ್ಳುವ ವಿಧಾನದಲ್ಲಿ 13. ಕಲಿಸಿದ್ದೇನು? ಅವನು ಕುಡಿಯದೆ ಇರುವ ಹೊತ್ತಿನಲ್ಲಿ ಆದರದಿಂದಿರುವುದು. ಕುಡಿದು ಬಂದಾಗ ಜಗಳವಾಡದೆ ದೂರ ಸರಿಯುವುದು. ಅವನ ಕುಡಿತದ ಫಲವನ್ನು ಅವನೇ ಉಣ್ಣಲು ಬಿಡುವುದು. ಹೊಡೆತದ ಭಯ ಇರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ತಪ್ಪಿಸಿಕೊಳ್ಳುವ ದಾರಿ ಸಿದ್ಧ ಮಾಡಿಕೊಳ್ಳುವುದು.

ನಮ್ಮಲ್ಲಿ ಒಳ್ಳೆಯ ಹೆಂಡತಿಗೆ ಕಲಿಸುವುದು ಇದಕ್ಕೆ ಪೂರ್ತಿ ತಿರುವುಮುರುವು. ಮೇಸ್ತ್ರಿಗೆ ಫೋನ್ ಮಾಡಿ "ಇವರಿಗೆ ಜ್ವರ" ಎನ್ನಬೇಕು. ವೈನ್ ಶಾಪಿನ ಸಾಲವನ್ನು ಸ್ತ್ರೀಶಕ್ತಿ ಸಂಘದ ಸಾಲದಿಂದ ತೀರಿಸಬೇಕು. ಬಾಗಿಲ ಮುಂದೆ ಬಿದ್ದವನನ್ನು ಅಕ್ಕಪಕ್ಕದವರು ಏಳುವ ಮುಂಚೆ ಒಳಗೆ ಎಳೆದುಕೊಂಡು ಸ್ನಾನ ಮಾಡಿಸಬೇಕು. ಇದು ಪ್ರೀತಿಯಿಂದಲೇ ಆಗುವ ಕೆಲಸ. ಆದರೂ ಚಟಕ್ಕೆ ಸಿಗುವ ಅತಿ ದೊಡ್ಡ ಒತ್ತಾಸೆ ಇದೇ. ಜೊತೆಗಿರುವುದು ಬೇರೆ, ಚಟವನ್ನು ಹೊತ್ತು ಸಾಗುವುದು ಬೇರೆ. ಹೊತ್ತು ಸಾಗುವುದನ್ನು ನಿಲ್ಲಿಸಿದ ಮೇಲೂ ಜೊತೆಗಿರಲು ಸಾಧ್ಯವೇ ಎಂಬುದು ಅವಳು ಮೊದಲು ಪರೀಕ್ಷಿಸಿ ನೋಡಬೇಕಾದ ಪ್ರಶ್ನೆ. ಕೆಲವು ಮನೆಗಳಲ್ಲಿ ಅದು ಸಾಧ್ಯ. ಅಲ್ಲಿ ಅವನು ಆಸ್ಪತ್ರೆಗೆ ಬರುತ್ತಾನೆ, ಜಾರಿದರೂ ಬಚ್ಚಿಡದೆ ಹೇಳುತ್ತಾನೆ, ಮತ್ತೆ ಬರುತ್ತಾನೆ. ಇನ್ನು ಕೆಲವು ಮನೆಗಳಲ್ಲಿ ಅವಳು ಸುಳ್ಳು ಹೇಳುವುದನ್ನು, ದುಡ್ಡು ಕೊಡುವುದನ್ನು ನಿಲ್ಲಿಸಿದ ರಾತ್ರಿಯೇ ಕೈ ಮೇಲೇಳುತ್ತದೆ. ಜಾರುವವನನ್ನೂ ಚಿಕಿತ್ಸೆಯನ್ನೇ ಒಪ್ಪದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೈ ಏಳುವ ಮನೆಯಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ನೂರಕ್ಕೆ 44.4. ದೇಶದ ರಾಜ್ಯಗಳಲ್ಲೇ ಇದು ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ಅದೇ ಸಮೀಕ್ಷೆಯ ಅಖಿಲ ಭಾರತ ಅಂಕಿ ನೋಡಿ: ಗಂಡ ಕುಡಿಯದ ಮನೆಗಳಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವರು ನೂರಕ್ಕೆ 23, ಆಗಾಗ ಕುಡಿದು ಬರುವ ಮನೆಗಳಲ್ಲಿ 70. "ಕುಡಿದಾಗ ಮಾತ್ರ ಹೊಡೀತಾನೆ, ಕುಡಿಯದಿದ್ದಾಗ ಬಂಗಾರದಂಥ ಮನುಷ್ಯ" ಎಂಬ ಮಾತು ಪಂಚಾಯ್ತಿಗಳಲ್ಲಿ ಅವನ ಪರವಾಗಿ ಬರುತ್ತದೆ. ಅವನು ದಿನವೂ ಕುಡಿಯುವವನಾದರೆ ಆ ಮಾತಿಗೆ ಏನು ಬೆಲೆ?

ಮಕ್ಕಳಿಗಾಗಿ ಒಟ್ಟಿಗಿರಬೇಕು ಎನ್ನುವವರು ಒಂದು ಸಂಗತಿ ಗಮನಿಸಬೇಕು. ಅಪ್ಪನ ಬೈಕಿನ ಸದ್ದು ಕೇಳಿದ ಕೂಡಲೇ ಪುಸ್ತಕ ಮುಚ್ಚಿ ನಿದ್ದೆ ಹೋದಂತೆ ನಟಿಸುವ ಮಗುವಿಗೆ ಅಪ್ಪ ಜೊತೆಗಿದ್ದಾನೆ ಎಂಬುದು ಧೈರ್ಯ ಕೊಡುವ ವಿಷಯವಲ್ಲ. ಆ ಮಗು ಬೆಳೆದು, ಅಮ್ಮ ಯಾಕೆ ಹೊರಡಲಿಲ್ಲ ಎಂದು ಕೇಳುವ ದಿನ ಬರುತ್ತದೆ.

"ನೀನು ಹೋದರೆ ವಿಷ ಕುಡೀತೀನಿ" ಎಂಬ ಬೆದರಿಕೆ ಅನೇಕ ಹೆಂಗಸರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ಹೊಲದ ಔಷಧಿ ಮನೆಯಲ್ಲೇ ಇರುವ ಸೀಮೆಯಲ್ಲಿ ಇದನ್ನು ಬರೀ ನಾಟಕವೆಂದು ತಳ್ಳಿಹಾಕಬಾರದು. ಕುಡಿತಕ್ಕೂ ಆತ್ಮಹತ್ಯೆಗೂ ನಂಟಿದೆ. ಔಷಧಿ ಡಬ್ಬ ಮನೆಯಿಂದಾಚೆಗೆ ಹೋಗಬೇಕು, ಅವನ ಅಣ್ಣತಮ್ಮಂದಿರಿಗೆ ತಿಳಿಸಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ತುರ್ತಿದ್ದರೆ 112 ಇದೆ. ಇಷ್ಟು ಮಾಡುವುದು ಮನುಷ್ಯಧರ್ಮ. ಅವನ ಜೀವ ಕಾಯಲು ತನ್ನ ಜೀವವನ್ನು ಒತ್ತೆ ಇಡುವುದು ಅವಳ ಪಾಲಿನ ಕೆಲಸವಲ್ಲ. ಬಿಟ್ಟುಹೋಗುವ ಹೊತ್ತು ಹಿಂಸೆ ಹೆಚ್ಚುವ ಹೊತ್ತೂ ಹೌದು. ಹಾಗಾಗಿ ಜಗಳದ ನಡುವೆ "ನಾಳೆ ಹೋಗ್ತೀನಿ ನೋಡು" ಎಂದು ಸಾರುವುದಕ್ಕಿಂತ ಆಧಾರ್, ರೇಷನ್ ಕಾರ್ಡ್ ಪ್ರತಿ, ಮಕ್ಕಳ ಟಿ.ಸಿ., ಬ್ಯಾಂಕ್ ಪಾಸ್‌ಬುಕ್‌ಗಳನ್ನು ಮೊದಲೇ ನಂಬಿಕೆಯ ಮನೆಯೊಂದಕ್ಕೆ ಸಾಗಿಸಿಟ್ಟು ಸದ್ದಿಲ್ಲದೆ ಹೊರಡುವುದು ಸುರಕ್ಷಿತ.

ದುಡ್ಡಿನ ಮಾತು ಬಿಡುವಂತಿಲ್ಲ. ಗುಬ್ಬಿ, ಕುಣಿಗಲ್ ಕಡೆ ಹಸು ಕಟ್ಟಿ, ಹಾಲು ಕರೆದು ಡೇರಿಗೆ ಹಾಕುವವರು ಬಹುಪಾಲು ಹೆಂಗಸರು. ಡೇರಿಯ ಪುಸ್ತಕದಲ್ಲಿ ಹೆಸರು ಗಂಡನದಾದರೆ ಬಟವಾಡೆಯ ದಿನ ಹಣ ಎಲ್ಲಿಗೆ ಹೋಗುತ್ತದೆಂದು ಊರಿಗೇ ಗೊತ್ತು. ಮರದ ಮೇಲಿರುವಾಗಲೇ ತೆಂಗಿನಕಾಯಿಯನ್ನು ಅರ್ಧ ಬೆಲೆಗೆ ಕೊಟ್ಟು ಮುಂಗಡ ತರುವವರಿದ್ದಾರೆ. ಹೊಡೆಯದ, ಬೈಯದ, ಮೆತ್ತಗೆ ಮಾತಾಡುವ ಗಂಡನೂ ಹೀಗೆ ಮನೆ ಬರಿದು ಮಾಡಬಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದನ್ನು ಆರ್ಥಿಕ ದೌರ್ಜನ್ಯವೆಂದು ಹೆಸರಿಟ್ಟೇ ಕರೆಯುತ್ತದೆ. ಹಾಲಿನ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು, ಅವನ ಸಾಲಪತ್ರಕ್ಕೆ ತಾನು ಸಹಿ ಹಾಕದಿರುವುದು, ಇವು ಬಿಟ್ಟುಹೋಗುವವಳಿಗೂ ಉಳಿಯುವವಳಿಗೂ ಬೇಕಾದ ಎಚ್ಚರಗಳು.

ಬಿಡುವುದು ಎಂದರೆ ಡೈವೋರ್ಸ್ ಎಂದೇ ಎಲ್ಲರೂ ತಿಳಿದಿರುವುದು ಈ ಚರ್ಚೆಯನ್ನು ಇನ್ನಷ್ಟು ಬಿಗಿಯಾಗಿಸಿದೆ. ಕಾನೂನಿನಲ್ಲಿ ನಡುವೆ ಹಲವು ಮೆಟ್ಟಿಲುಗಳಿವೆ. ಮೊದಲನೆಯದಾಗಿ, ಮನೆ ಬಿಡಬೇಕಾದವಳು ಅವಳೇ ಆಗಬೇಕೆಂದಿಲ್ಲ. 2005ರ ಕಾಯ್ದೆಯ 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಹಿಂಸೆ ಕೊಡುವ ಗಂಡನನ್ನೇ ಮನೆಯಿಂದ ಹೊರಗಿರುವಂತೆ ಆದೇಶಿಸಬಹುದು. ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಸೊಸೆ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ. ತಾತ್ಕಾಲಿಕವಾಗಿ ತವರಿನಲ್ಲಿದ್ದರೆ ಅಲ್ಲಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ತಾಲ್ಲೂಕು ಮಟ್ಟದಲ್ಲೂ ಅದರ ಸಮಿತಿಗಳಿವೆ.

"ಮನೆ ಬಿಟ್ಟು ಬಂದರೆ ಹಕ್ಕೆಲ್ಲ ಹೋಗುತ್ತೆ" ಎಂಬ ಹೆದರಿಕೆಗೂ ಆಧಾರವಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ತೊರೆಯುವಿಕೆ ಎಂದರೆ ಸಕಾರಣವಿಲ್ಲದೆ ಎರಡು ವರ್ಷ ಬಿಟ್ಟಿರುವುದು. ಹಿಂಸೆಗೆ ಹೆದರಿ ಬಂದವಳಿಗೆ ಸಕಾರಣವಿದೆ, ಅವಳು ಜೀವನಾಂಶವನ್ನೂ ಕೇಳಬಹುದು. ವ್ಯಸನವೊಂದೇ ಆ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಪ್ರತ್ಯೇಕ ಕಾರಣವಲ್ಲ ಎಂಬುದು ನಿಜ. ಅದರಿಂದಾದ ಕ್ರೌರ್ಯ ಕಾರಣವಾಗುತ್ತದೆ. ಮದುವೆ ಮುರಿಯದೆ ಬೇರೆಯಾಗಿರಲು ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿ ಪಡೆಯಬಹುದು, ಇಬ್ಬರೂ ಒಪ್ಪಿ ಮತ್ತೆ ಕೂಡಲು ಅದರಲ್ಲಿ ಅವಕಾಶವಿದೆ. ಇನ್ನೂ ಮನಸ್ಸು ಗಟ್ಟಿಯಾಗದ ಹೆಣ್ಣಿಗೆ ಇದು ಒಳ್ಳೆಯ ನಡುದಾರಿ. ಆದರೆ ಪಂಚಾಯ್ತಿಯಲ್ಲಿ ಕೂತ ಹಿರಿಯರಿಗೆ ಇದು ಗೊತ್ತಿರುವುದು ಅಪರೂಪ. ಅವರ ಲೆಕ್ಕದಲ್ಲಿ ಇರುವುದು ಎರಡೇ, ಒಂದೋ ರಾಜಿ, ಇಲ್ಲವೇ ಸೋಡಚೀಟಿ.

ಇನ್ನು ತವರು. ಮಗಳು ಪೆಟ್ಟಿಗೆ ಹಿಡಿದು ಬಂದರೆ ಮೂರು ದಿನ ಉಪಚಾರ, ನಾಲ್ಕನೆಯ ದಿನ "ಅಳಿಯಂದಿರಿಗೆ ಫೋನ್ ಮಾಡಲೇನಮ್ಮ?" ಎಂಬ ಪ್ರಶ್ನೆ. ಅಣ್ಣ ಅತ್ತಿಗೆಯ ಮನೆ ಎಂಬ ಭಾವನೆ ಅವಳಲ್ಲೂ ಗಟ್ಟಿಯಾಗಿ ಕೂತಿದೆ. ಕರ್ನಾಟಕವು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟದ್ದು 1994ರಲ್ಲಿ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ಹಾಗಿದ್ದೂ ಮದುವೆಯ ಹೊತ್ತಿಗೋ ಅಪ್ಪ ತೀರಿದ ಮೇಲೋ "ಅರಿಶಿನ ಕುಂಕುಮಕ್ಕೆ ಇಷ್ಟು" ಎಂದು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ತುಮಕೂರು ಸೀಮೆಯಲ್ಲಿ ನಿತ್ಯದ ಮಾತು. ಆ ಸಹಿ ಹಾಕುವ ದಿನ ಯಾರೂ ಇದನ್ನು ಯೋಚಿಸುವುದಿಲ್ಲ: ಮುಂದೊಂದು ದಿನ ಅವಳಿಗೆ ಓಡಿಬರಲು ಇದ್ದ ಒಂದೇ ಸೂರನ್ನು ಬರೆದುಕೊಡುತ್ತಿದ್ದಾಳೆ. ಕುಡುಕ ಗಂಡನ ಮನೆಯಲ್ಲಿ ಹೆಂಗಸರು ಉಳಿಯುವುದನ್ನು ಸಹನೆ ಎಂದು ಹೊಗಳುವವರು, ಅದರಲ್ಲಿ ಎಷ್ಟು ಪಾಲು ಹೋಗಲು ಜಾಗವಿಲ್ಲದ್ದರಿಂದ ಬಂದದ್ದು ಎಂದು ಕೇಳಿಕೊಳ್ಳಬೇಕು.

ವ್ಯಸನಿ ಹೆಂಡತಿಯಾದರೆ ಏನಾಗುತ್ತದೆ? ಏಮ್ಸ್ ಸಮೀಕ್ಷೆಯಲ್ಲಿ ಗಂಡಸರಲ್ಲಿ ನೂರಕ್ಕೆ 27.3, ಹೆಂಗಸರಲ್ಲಿ 1.6 ಮಂದಿ ಮದ್ಯ ಸೇವಿಸುವವರು. ಸಂಖ್ಯೆ ಕಡಿಮೆ, ಕಥೆ ಕ್ರೂರ. ಕುಡಿಯುವ ಹೆಂಡತಿಯ ವಿಷಯದಲ್ಲಿ ಯಾರೂ "ಅವಳು ಸರಿಹೋಗ್ತಾಳೆ, ಅನುಸರಿಸಿಕೊಂಡು ಹೋಗಪ್ಪ" ಎಂದು ಗಂಡನಿಗೆ ಬುದ್ಧಿ ಹೇಳುವುದಿಲ್ಲ. ಅವಳನ್ನು ತವರಿಗೆ ಕಳಿಸುವುದೇ ಮೊದಲ ಚಿಕಿತ್ಸೆ. ವ್ಯಸನ ಕಾಯಿಲೆ ಎಂಬ ಮಾತನ್ನು ನಮ್ಮ ಸಮಾಜ ಗಂಡಸಿಗೆ ಮಾತ್ರ ಅನ್ವಯಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬೇರೆಯಾದ ಮೇಲೆ ಅವನನ್ನು ಮರೆತುಬಿಡಬೇಕು ಎಂದು ಯಾರೂ ಹೇಳುತ್ತಿಲ್ಲ. ಬೇರೆ ಊರಿನಲ್ಲಿದ್ದುಕೊಂಡೇ ಆಸ್ಪತ್ರೆಯ ವೈದ್ಯರೊಂದಿಗೆ ಮಾತಾಡುವ, ಮಕ್ಕಳನ್ನು ಹಗಲು ಹೊತ್ತಿನಲ್ಲಿ ಅಜ್ಜಿಯ ಮನೆಯಲ್ಲಿ ಭೇಟಿ ಮಾಡಿಸುವ ಹೆಂಗಸರಿದ್ದಾರೆ. ಅವನನ್ನು ಚಿಕಿತ್ಸೆಗೆ ಸೇರಿಸುವ ಹೊಣೆ ಅವನ ತಂದೆ ತಾಯಿ, ಅಣ್ಣತಮ್ಮಂದಿರದೂ ಹೌದು. ಆದರೆ ಅವರು ದುಡ್ಡು ಕಟ್ಟಿ, ರಾತ್ರೋರಾತ್ರಿ ವ್ಯಾನಿನಲ್ಲಿ ಎತ್ತಿಸಿ, ಫಲಕವಿಲ್ಲದ ಯಾವುದೋ ಕೇಂದ್ರಕ್ಕೆ ತಳ್ಳುವುದು ಚಿಕಿತ್ಸೆಯಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಸರಪಳಿ ಬಿಗಿಯುವುದನ್ನು ಅದು ನಿಷೇಧಿಸಿದೆ, ರೋಗಿಯ ಒಪ್ಪಿಗೆಯಿಲ್ಲದ ದಾಖಲಾತಿಗೆ ಕ್ರಮ ಹಾಕಿಕೊಟ್ಟಿದೆ. ಕೇಂದ್ರಕ್ಕೆ ನೋಂದಣಿ ಇದೆಯೇ, ವೈದ್ಯರು ಯಾರು, ಮನೆಯವರನ್ನು ಭೇಟಿಗೆ ಬಿಡುತ್ತಾರೆಯೇ ಎಂದು ಕೇಳಿ ನೋಡಬೇಕು. ಭೇಟಿಗೆ ಬಿಡದ ಜಾಗದಲ್ಲಿ ಸೇರಿಸಬಾರದು.

ಮತ್ತೆ ಕೂಡುವ ಮಾತು ಬಂದರೆ? ಬರಲಿ. ಕೂಡಿ ಬಾಳಿದವರೂ ಇದ್ದಾರೆ. ಆದರೆ ರಾಜಿ ಪಂಚಾಯ್ತಿಯಲ್ಲಿ ಈಗ ನಡೆಯುವಂತೆ "ಇನ್ನು ಮೇಲೆ ಕುಡಿದು ಗಲಾಟೆ ಮಾಡುವುದಿಲ್ಲ" ಎಂದು ಠಾಣೆಯಲ್ಲಿ ಮುಚ್ಚಳಿಕೆ ಬರೆಸಿ, ಅದೇ ಸಂಜೆ ಅವಳನ್ನು ಬಸ್ಸು ಹತ್ತಿಸುವುದು ಸಾಲದು. ಹಿರಿಯರು ಕೇಳಬೇಕಾದ ಕಾಗದ ಆಸ್ಪತ್ರೆಯ ಚೀಟಿ: ಎಷ್ಟು ತಿಂಗಳಿಂದ ಹೋಗುತ್ತಿದ್ದಾನೆ, ಯಾವ ಔಷಧ, ಮುಂದಿನ ತಾರೀಕು ಯಾವುದು. ಕೆಲವು ತಿಂಗಳು ಅವನು ಅಲ್ಲಿ, ಇವಳು ಇಲ್ಲಿ ಇದ್ದೇ ನೋಡಲಿ. ಮತ್ತೆ ಕೆಟ್ಟರೆ ಅವಳು ಪುನಃ ಬರಬಹುದು ಎಂದು ತವರಿನವರು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಲಿ. ಅಷ್ಟು ಹೇಳುವ ಅಪ್ಪನಿರುವ ಹೆಣ್ಣುಮಗಳು ಗಂಡನ ಮನೆಯಲ್ಲಿ ನಡೆಯುವ ರೀತಿಯೇ ಬೇರೆ, ಅವಳೊಂದಿಗೆ ಅಲ್ಲಿಯವರು ನಡೆದುಕೊಳ್ಳುವ ರೀತಿಯೂ ಬೇರೆ.

ಸರ್ಕಾರದ ಪಾಲಿನ ಕೆಲಸವೂ ಬಾಕಿಯಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಕುಣಿಗಲ್‌ನಿಂದ ತುಮಕೂರಿನ ಕೋರ್ಟಿಗೆ, ಗುಬ್ಬಿಯಿಂದ ಜಿಲ್ಲಾಸ್ಪತ್ರೆಗೆ ಹೋಗಿಬರಲು ಗಂಡನ ಜೇಬಿಗೆ ಕೈಯೊಡ್ಡಬೇಕಾಗಿಲ್ಲ. ಇದು ಸಣ್ಣ ಸಂಗತಿಯಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮಾತ್ರ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದವರಿಗೆ ಸಿಗುತ್ತದೆ. ಕೂಡುಕುಟುಂಬದಲ್ಲಿ ಅದು ಅತ್ತೆ. ಗಂಡನನ್ನು ಬಿಟ್ಟು ಮಕ್ಕಳೊಂದಿಗೆ ತುಮಕೂರಿನಲ್ಲಿ ಒಂದು ಕೋಣೆ ಹಿಡಿದ ಸೊಸೆಯ ಹೆಸರು ಹಳೆಯ ಕಾರ್ಡಿನಲ್ಲೇ ಉಳಿದಿರುತ್ತದೆ. ಅದನ್ನು ತೆಗೆಸಿ ಹೊಸ ಕಾರ್ಡು ಮಾಡಿಸುವ ತನಕ ಅವಳಿಗೆ ಅಕ್ಕಿಯೂ ಇಲ್ಲ, ಆ ಹಣವೂ ಇಲ್ಲ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕಿದ ಹೆಣ್ಣಿಗೆ ಡೈವೋರ್ಸ್ ಡಿಕ್ರಿ ಕೇಳದೆ ತಕ್ಷಣ ಪ್ರತ್ಯೇಕ ಕಾರ್ಡು ಕೊಡುವ ಆದೇಶವೊಂದು ಬರಬೇಕು. ಆ ಕಾಯ್ದೆಯಡಿ ಹೆಣ್ಣಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಕೆಲಸವನ್ನು ಅಂಗನವಾಡಿಗಳ ಹೊಣೆ ಹೊತ್ತ ಸಿಡಿಪಿಒ ತಲೆಗೇ ಕಟ್ಟಿರುವುದು ನಿಂತು, ಅದಕ್ಕೆಂದೇ ತಾಲ್ಲೂಕಿಗೊಬ್ಬರು ಅಧಿಕಾರಿ ಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದವಳಿಗೆ, ಮಕ್ಕಳ ಸಮೇತ ಆ ರಾತ್ರಿ ಉಳಿಯುವ ಜಾಗ ಜಿಲ್ಲಾ ಕೇಂದ್ರದಲ್ಲಷ್ಟೇ ಅಲ್ಲ, ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಸಿಗಬೇಕು.